ಚಳಿಯ ಬೆಳಗಿನಲ್ಲಿ ಬೀಳದ ಗೇರ್

ಲೇಹ್‌ನಲ್ಲಿ ಜನವರಿಯ ರಾತ್ರಿ ತಾಪಮಾನ ಮೈನಸ್ 15 ಡಿಗ್ರಿಯ ಆಸುಪಾಸಿಗೆ ಇಳಿಯುವುದು ಮಾಮೂಲು. ದ್ರಾಸ್‌ನಲ್ಲಿ ಇನ್ನೂ ಕೆಳಗೆ. ರಾತ್ರಿಯೆಲ್ಲ ಬಯಲಲ್ಲಿ ನಿಂತ ಕಾರು ಬೆಳಗ್ಗೆ ಹೇಗೋ ಸ್ಟಾರ್ಟ್ ಆದರೂ ಮೊದಲ ಗೇರ್ ಬೀಳುವುದಿಲ್ಲ. ಲಿವರ್ ಅಂಟಿನೊಳಗೆ ಹೂತಿಟ್ಟ ಹಾಗೆ ನಿಧಾನಕ್ಕೆ ಸರಿಯುತ್ತದೆ, ನಡುವೆ ಎಲ್ಲೋ ನಿಂತುಬಿಡುತ್ತದೆ, ಬಲ ಹಾಕಿದರೆ ಒಲ್ಲದ ಮನಸ್ಸಿನಿಂದ ಒಳಗೆ ಹೋಗುತ್ತದೆ. ಒಂದರಿಂದ ಎರಡಕ್ಕೆ ಹೋಗುವಾಗ ಮತ್ತೆ ಅದೇ ತಕರಾರು. ಅರ್ಧ ಗಂಟೆ ಓಡಿದ ಮೇಲೆ ಅದೇ ಲಿವರ್ ಎರಡು ಬೆರಳಿಗೆ ಸರಿಯುತ್ತದೆ, ಬೆಳಗಿನ ಜಗಳ ನೆನಪೇ ಇಲ್ಲದ ಹಾಗೆ. ಗೇರ್ ಬಾಕ್ಸ್ ಕೆಟ್ಟಿತು ಎಂದು ಗಾಬರಿಯಾಗುವ ಮೊದಲು ಈ ಎರಡನೆಯ ಸಂಗತಿಯನ್ನು ಗಮನಿಸಬೇಕು. ಮುರಿದ ಹಲ್ಲಾಗಲಿ ಬಾಗಿದ ಫೋರ್ಕ್ ಆಗಲಿ ಅರ್ಧ ಗಂಟೆಯಲ್ಲಿ ತಾನಾಗಿ ಸರಿಹೋಗುವುದಿಲ್ಲ. ಬಿಸಿಯಾದಂತೆ ಮಾಯವಾಗುವ ಬಿಗಿತ ಬಹುಪಾಲು ಎಣ್ಣೆಯದು. ಆದ್ದರಿಂದ ಅದಕ್ಕೆ ಮದ್ದು ತೋಳಿನ ಬಲದಲ್ಲಾಗಲಿ, ಗೇರ್ ಬಾಕ್ಸ್ ಬಿಚ್ಚುವುದರಲ್ಲಾಗಲಿ ಇಲ್ಲ. ಸರಿಯಾದ ಎಣ್ಣೆ ಮತ್ತು ಮೊದಲ ಹತ್ತು ಹದಿನೈದು ಕಿಲೋಮೀಟರಿನ ತಾಳ್ಮೆ, ಇವೆರಡೇ ಹೆಚ್ಚಿನ ವಾಹನಗಳಿಗೆ ಸಾಕು.

ಬರೀ ಎಣ್ಣೆ ಇಷ್ಟೊಂದು ತಡೆಯುತ್ತದೆಯೇ ಎಂಬ ಅನುಮಾನ ಬರುವುದು ಸಹಜ. ಅದಕ್ಕೆ ಗೇರ್ ಹೇಗೆ ಬೀಳುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಂದಿನ ಕಾರುಗಳಲ್ಲಿ ಮುಂದಕ್ಕೆ ಹೋಗುವ ಗೇರ್‌ಗಳ ಹಲ್ಲುಗಳೆಲ್ಲ ಯಾವಾಗಲೂ ಒಂದಕ್ಕೊಂದು ಕೂಡಿಕೊಂಡೇ ತಿರುಗುತ್ತಿರುತ್ತವೆ. ನಾವು ಲಿವರ್ ಸರಿಸಿದಾಗ ಆಗುವುದು ಇಷ್ಟು: ಶಾಫ್ಟಿನ ಮೇಲಿರುವ ಒಂದು ಬಳೆ ಪಕ್ಕಕ್ಕೆ ಜಾರಿ, ನಮಗೆ ಬೇಕಾದ ಗೇರನ್ನು ಶಾಫ್ಟಿಗೆ ಕಟ್ಟಿಹಾಕುತ್ತದೆ. ಎರಡೂ ಒಂದೇ ವೇಗದಲ್ಲಿ ತಿರುಗುತ್ತಿದ್ದರೆ ಮಾತ್ರ ಬಳೆ ಸದ್ದಿಲ್ಲದೆ ಒಳಗೆ ಹೋಗಬಲ್ಲದು. ಆ ವೇಗವನ್ನು ಹೊಂದಿಸಿಕೊಡುವುದು ಸಿಂಕ್ರೊನೈಸರ್ ರಿಂಗ್ ಎಂಬ, ಹೆಚ್ಚಾಗಿ ಹಿತ್ತಾಳೆಯ ಒಂದು ಉಂಗುರ. ಅದರ ಒಳಮೈ ಆಲಿಕೆಯ ಹಾಗೆ ಓರೆ. ಅದು ಗೇರಿನ ಓರೆ ಮೈಗೆ ಒತ್ತಿಕೊಂಡು, ಬ್ರೇಕಿನಂತೆ ಉಜ್ಜಿ, ವೇಗ ಸಮವಾದ ಕ್ಷಣ ಬಳೆಗೆ ದಾರಿ ಬಿಡುತ್ತದೆ. ಸಮವಾಗುವವರೆಗೆ ದಾರಿ ಬಿಡುವುದಿಲ್ಲ. ಈ ಉಂಗುರದ ಒಳಮೈಯಲ್ಲಿ ಕೂದಲೆಳೆಯಂಥ ಸಣ್ಣ ಗೀರುಗಳನ್ನು ಕೊರೆದಿರುತ್ತಾರೆ. ನಡುವೆ ಸಿಕ್ಕ ಎಣ್ಣೆ ಆ ಗೀರುಗಳಲ್ಲಿ ಹರಿದು ಪಕ್ಕಕ್ಕೆ ಸರಿದರೆ ತಾನೇ ಲೋಹಕ್ಕೆ ಲೋಹ ಹಿಡಿತ ಸಿಗುವುದು. ಎಣ್ಣೆ ಮಂದವಾದಾಗ ಅದು ಸರಿಯುವುದೇ ಇಲ್ಲ. ಉಂಗುರ ಎಣ್ಣೆಯ ಪದರದ ಮೇಲೆ ತೇಲುತ್ತದೆ, ವೇಗ ಹೊಂದುವುದಿಲ್ಲ, ದಾರಿ ತೆರೆಯುವುದಿಲ್ಲ. ನಮ್ಮ ಕೈಗೆ ಅಡ್ಡಿ ಎಂದು ತೋರುವುದು, ನಿಜದಲ್ಲಿ ಆ ಉಂಗುರ ಹಲ್ಲುಗಳನ್ನು ಕಾಯುತ್ತಿರುವ ರೀತಿ.

ಹಾಗಾಗಿಯೇ ಬಲ ಹಾಕಬಾರದು. ‘ಒಂದೇಟಿಗೆ ಎಳೀರಿ, ಬೀಳುತ್ತೆ’ ಎನ್ನುವ ಸಲಹೆಯನ್ನು ಅನೇಕರು ಕೇಳಿರುತ್ತಾರೆ. ಬೀಳುವುದೇನೋ ನಿಜ. ಆದರೆ ವೇಗ ಹೊಂದುವ ಮೊದಲೇ ನುಗ್ಗಿದ ಬಳೆ ಉಂಗುರದ ಸಣ್ಣ ಹಲ್ಲುಗಳ ಅಂಚನ್ನು ಪ್ರತಿಸಲ ಒಂದಿಷ್ಟು ಕೆರೆಯುತ್ತದೆ. ಹಿತ್ತಾಳೆ ಉಕ್ಕಿಗಿಂತ ಮೆದು, ಸವೆಯುವುದು ಅದೇ. ಕೆಲವು ಚಳಿಗಾಲ ಹೀಗೇ ನಡೆದರೆ ಬೇಸಿಗೆಯಲ್ಲೂ ಎರಡನೇ ಗೇರ್ ಕರಕರ ಎನ್ನಲು ಶುರು. ಅಲ್ಲಿಗೆ, ಎಣ್ಣೆಯಿಂದ ಬಂದ ತೊಂದರೆ ನಿಜಕ್ಕೂ ಲೋಹದ ತೊಂದರೆಯಾಗಿರುತ್ತದೆ, ಖರ್ಚೂ ಹತ್ತಾರು ಪಟ್ಟು.

ಮನೆಯಲ್ಲಿ ಚಳಿಗಾಲದ ಬೆಳಗ್ಗೆ ಕೊಬ್ಬರಿ ಎಣ್ಣೆಯ ಬಾಟಲಿ ತಲೆಕೆಳಗು ಮಾಡಿದರೂ ಒಂದು ತೊಟ್ಟು ಬೀಳದ್ದು ಎಲ್ಲರಿಗೂ ಗೊತ್ತು. ಕೊಬ್ಬರಿ ಎಣ್ಣೆ 24 ಡಿಗ್ರಿಯ ಹತ್ತಿರ ಒಮ್ಮೆಗೇ ಹೆಪ್ಪುಗಟ್ಟುತ್ತದೆ. ಗೇರ್ ಎಣ್ಣೆ ಹಾಗಲ್ಲ, ಡಿಗ್ರಿ ಇಳಿದಂತೆ ನಿಧಾನವಾಗಿ ಮಂದವಾಗುತ್ತ ಹೋಗುತ್ತದೆ. ಎಷ್ಟು ಮಂದ ಎಂಬುದನ್ನು ಡಬ್ಬಿಯ ಮೇಲಿನ ಅಂಕಿಯೇ ಹೇಳುತ್ತದೆ. 80ಡಬ್ಲ್ಯು-90 ಎಂದು ಬರೆದಿದ್ದರೆ, ಡಬ್ಲ್ಯು ಅಂದರೆ ಚಳಿಗಾಲ, ಅದರ ಹಿಂದಿನ ಅಂಕಿ ಚಳಿಯಲ್ಲಿನ ನಡತೆ. ನಂತರದ ಅಂಕಿ 100 ಡಿಗ್ರಿ ಬಿಸಿಯಲ್ಲಿನ ನಡತೆ. ಗೇರ್ ಎಣ್ಣೆಗಳ ಅಂತಾರಾಷ್ಟ್ರೀಯ ದರ್ಜೆಯ ಪ್ರಕಾರ, ಎಣ್ಣೆ ಒಂದೂವರೆ ಲಕ್ಷ ಸೆಂಟಿಪಾಯ್ಸ್‌ನಷ್ಟು, ಅಂದರೆ ಕೋಣೆಯ ಬಿಸಿಯಲ್ಲಿರುವ ನೀರಿಗಿಂತ ಸುಮಾರು ಒಂದೂವರೆ ಲಕ್ಷ ಪಟ್ಟು ಮಂದವಾಗುವ ಮಿತಿಯನ್ನು 85ಡಬ್ಲ್ಯು ಎಣ್ಣೆಗೆ ಮೈನಸ್ 12 ಡಿಗ್ರಿಗೆ ಇಟ್ಟಿದ್ದಾರೆ, 80ಡಬ್ಲ್ಯುಗೆ ಮೈನಸ್ 26ಕ್ಕೆ, 75ಡಬ್ಲ್ಯುಗೆ ಮೈನಸ್ 40ಕ್ಕೆ. ಒಂದೂವರೆ ಲಕ್ಷ ಪಟ್ಟು ಮಂದ ಎಂದರೆ ಜೋನಿ ಬೆಲ್ಲವನ್ನೂ ಮೀರಿ, ಚಮಚದಲ್ಲಿ ಎತ್ತಿದರೆ ನಿಂತೇ ಇರುವ ಹದ. ಆ ಮಿತಿ ಎಣ್ಣೆ ಬೇರಿಂಗುಗಳಿಗೆ ತಲುಪದೆ ಹಾನಿಯಾಗುವುದನ್ನು ನೆನೆದು ಹಾಕಿದ್ದು, ಲಿವರ್ ಸಲೀಸಾಗಿ ಸರಿಯಬೇಕೆಂದಲ್ಲ. ಕೈಗೆ ಬಿಗಿತ ಗೊತ್ತಾಗುವುದು ಅದಕ್ಕಿಂತ ಎಷ್ಟೋ ಮೊದಲೇ. ಲೇಹ್‌ನ ಬೆಳಗಿನಲ್ಲಿ 80ಡಬ್ಲ್ಯು-90 ತುಂಬಿದ ಕಾರು ಮಿತಿಯೊಳಗೇ ಇದ್ದರೂ ಹಟ ಮಾಡುವುದು ಈ ಕಾರಣಕ್ಕೆ.

ಇದಕ್ಕೆ ಸಾಕ್ಷಿ ಬೇಕಾದರೆ ಪ್ರಯೋಗಾಲಯ ಬೇಡ. ಕೊರೆಯುವ ಚಳಿಯಲ್ಲಿ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಕ್ಲಚ್ ಒತ್ತಿ ಸ್ಟಾರ್ಟ್ ಮಾಡಿ, ಒಂದು ನಿಮಿಷ ಬಿಟ್ಟು ಕ್ಲಚ್ಚನ್ನು ಮೆಲ್ಲಗೆ ಬಿಡಿ. ಎಂಜಿನ್ನಿನ ಸದ್ದು ಒಂದು ಸ್ವರ ಕುಗ್ಗುತ್ತದೆ, ಏರು ಹತ್ತುವಾಗ ಕುಗ್ಗಿದ ಹಾಗೆ. ಗಾಡಿ ಕದಲಿಲ್ಲ, ಗೇರ್ ಬಿದ್ದಿಲ್ಲ. ಆದರೂ ಎಂಜಿನ್‌ಗೆ ಭಾರ ಬಿತ್ತು. ಕ್ಲಚ್ ಬಿಟ್ಟೊಡನೆ ಗೇರ್ ಬಾಕ್ಸಿನ ಒಳಶಾಫ್ಟುಗಳು ಎಣ್ಣೆಯನ್ನು ಕಡೆಯತೊಡಗುತ್ತವೆ, ಆ ಭಾರ ಎಣ್ಣೆಯದೇ. ಒಂದೆರಡು ನಿಮಿಷ ಹಾಗೇ ತಿರುಗಲು ಬಿಟ್ಟರೆ ಕಡೆತದ ಬಿಸಿಗೆ ಎಣ್ಣೆ ಸ್ವಲ್ಪ ಸಡಿಲವಾಗುತ್ತದೆ, ಮೊದಲ ಗೇರ್ ಸುಲಭವಾಗುತ್ತದೆ. ಕ್ಲಚ್ ಒತ್ತಿಯೇ ಕೂತರೆ ಈ ಲಾಭವಿಲ್ಲ.

ಹಾಗೆಂದು ಕಾಲು ಗಂಟೆ ನಿಂತಲ್ಲೇ ಎಂಜಿನ್ ಓಡಿಸುವುದು ದಂಡ. ಎಂಜಿನ್ನಿನೊಳಗೆ ಬೆಂಕಿಯಿದೆ, ಅದು ಬೇಗ ಬಿಸಿಯಾಗುತ್ತದೆ. ಗೇರ್ ಬಾಕ್ಸಿಗೆ ಒಲೆಯಿಲ್ಲ. ಹಲ್ಲುಗಳ ಉಜ್ಜಾಟ, ಎಣ್ಣೆಯ ಕಡೆತ, ಪಕ್ಕದ ಎಂಜಿನ್ನಿನಿಂದ ಹರಿದು ಬರುವ ಒಂದಿಷ್ಟು ಕಾವು, ಅಷ್ಟರಿಂದಲೇ ಅದು ಬಿಸಿಯಾಗಬೇಕು. ಕೆನಡಾದ ವಿನಿಪೆಗ್, ಎಡ್ಮಂಟನ್‌ನಂಥ ಊರುಗಳಲ್ಲಿರುವ ಕನ್ನಡಿಗರಿಗೆ ಬ್ಲಾಕ್ ಹೀಟರ್ ಗೊತ್ತು. ರಾತ್ರಿ ಕಾರಿನ ಮೂತಿಯಿಂದ ವೈರು ಎಳೆದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುತ್ತಾರೆ. ಅದು ಬಿಸಿ ಮಾಡುವುದು ಎಂಜಿನ್ನನ್ನು ಮಾತ್ರ. ಹಾಗಾಗಿ ಅಲ್ಲಿ ಬೆಳಗ್ಗೆ ಎಂಜಿನ್ ಸುಖವಾಗಿ ಸ್ಟಾರ್ಟ್ ಆಗಿ, ಗೇರ್ ಮಾತ್ರ ಕಲ್ಲಾಗಿರುವುದು ವಿಚಿತ್ರವಲ್ಲ. ಗೇರ್ ಬಾಕ್ಸ್ ಬಿಸಿಯಾಗುವುದು ಗಾಡಿ ಓಡಿದಾಗ. ಆದ್ದರಿಂದ ಬೇಗ ಹೊರಟು, ಮೆಲ್ಲಗೆ ಓಡಿಸಬೇಕು. ಲಿವರನ್ನು ಗೇರಿನ ಬಾಯಿಗೆ ತಂದು ಹಗುರಾಗಿ ಒತ್ತಿ ಹಿಡಿದರೆ, ಉಂಗುರ ತನ್ನ ಕೆಲಸ ಮುಗಿಸಿಕೊಂಡು ತಾನೇ ಒಳಗೆ ಬಿಡುತ್ತದೆ. ಎರಡರಿಂದ ಒಂದಕ್ಕೆ ಇಳಿಸುವುದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅಲ್ಲಿ ಉಂಗುರ ಒಳಶಾಫ್ಟಿನ ವೇಗವನ್ನು ಏರಿಸಬೇಕು, ಮಂದ ಎಣ್ಣೆ ಅದನ್ನು ಹಿಂದಕ್ಕೆ ಜಗ್ಗುತ್ತದೆ. ಇಲ್ಲಿ ನಮ್ಮ ಹಳೆಯ ಲಾರಿ ಡ್ರೈವರುಗಳ ‘ಡಬಲ್ ಕ್ಲಚ್’ ಇಂದಿಗೂ ಕೆಲಸಕ್ಕೆ ಬರುತ್ತದೆ. ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಕೊಂಚ ಆಕ್ಸಿಲರೇಟರ್, ಮತ್ತೆ ಕ್ಲಚ್ ಒತ್ತಿ ಗೇರ್. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ವೇಗ ಹೊಂದಿಸುವ ಈ ಏರ್ಪಾಡು, ಸಿಂಕ್ರೊಮೆಶ್, ಬರುವ ಮೊದಲು ಜಗತ್ತಿನ ಡ್ರೈವರುಗಳು ಕಾಲಿನಿಂದಲೇ ವೇಗ ಹೊಂದಿಸುತ್ತಿದ್ದರು. ಆ ವಿದ್ಯೆ ಮರೆಯುವಂಥದ್ದಲ್ಲ.

ತಾಳ್ಮೆ ಬೆಳಗಿನ ಉಪಾಯ, ಎಣ್ಣೆ ಬದಲಾಯಿಸುವುದು ಕಾಯಂ ಪರಿಹಾರ. ಇಲ್ಲಿ ಗ್ಯಾರೇಜಿನಲ್ಲಿ ಒಂದು ಬಲವಾದ ಆಕ್ಷೇಪ ಕೇಳುತ್ತದೆ: ತೆಳು ಎಣ್ಣೆ ಹಾಕಿದರೆ ಚಳಿಗೆ ಸರಿ, ಬಿಸಿಯಲ್ಲಿ ಅದು ನೀರಾಗಿ ಹಲ್ಲು ಸವೆಯುವುದಿಲ್ಲವೇ? ಕಾಳಜಿ ಸರಿಯಾದದ್ದೇ. ಆದರೆ ಡಬ್ಬಿಯ ಎರಡನೇ ಅಂಕಿಯನ್ನು ನೋಡಿ. 80ಡಬ್ಲ್ಯು-90 ಮತ್ತು 75ಡಬ್ಲ್ಯು-90 ಎರಡಕ್ಕೂ ಅದು 90. ಎರಡೂ 100 ಡಿಗ್ರಿಯಲ್ಲಿ ಒಂದೇ ಪಟ್ಟಿಯೊಳಗೆ, 13.5ರಿಂದ 18.5 ಸೆಂಟಿಸ್ಟೋಕ್ಸ್ ನಡುವೆ ಇರಲೇಬೇಕು. ವ್ಯತ್ಯಾಸ ಇರುವುದು ಚಳಿಯ ಕಡೆ ಮಾತ್ರ. ಸಿಂಥೆಟಿಕ್ 75ಡಬ್ಲ್ಯು-90ಕ್ಕೆ ಬೆಲೆ ಹೆಚ್ಚು, ಆದರೆ ಸಣ್ಣ ಕಾರಿಗೆ ಬೇಕಾಗುವುದು ಸುಮಾರು ಎರಡು ಲೀಟರ್, ಅದೂ ಹಲವು ವರ್ಷಕ್ಕೊಮ್ಮೆ. 75ಡಬ್ಲ್ಯು-80 ಮಾತ್ರ ಬಿಸಿಯಲ್ಲೂ ನಿಜಕ್ಕೂ ತೆಳು. ಅದನ್ನು ಕಂಪನಿಯ ಪುಸ್ತಕ ಹೇಳಿದ್ದರಷ್ಟೇ ಹಾಕಬೇಕು. ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯ. ಡಬ್ಬಿಯ ಮೇಲೆ ಜಿಎಲ್-4, ಜಿಎಲ್-5 ಎಂಬ ಗುರುತಿರುತ್ತದೆ. ಐದು ನಾಲ್ಕಕ್ಕಿಂತ ಮೇಲು ಎಂದು ಎಷ್ಟೋ ಜನ ಸುರಿಸಿಕೊಳ್ಳುತ್ತಾರೆ. ಜಿಎಲ್-5 ಹಿಂದಿನ ಆಕ್ಸಲ್‌ನ ಭಾರಿ ಒತ್ತಡದ ಗೇರುಗಳಿಗಾಗಿ ಗಂಧಕ ಮತ್ತು ರಂಜಕದ ರಾಸಾಯನಿಕಗಳನ್ನು ಹೆಚ್ಚು ಬೆರೆಸಿದ ಎಣ್ಣೆ. ಅವುಗಳಲ್ಲಿ ಕೆಲವು ಹಿತ್ತಾಳೆಯನ್ನು ತಿನ್ನುತ್ತವೆ. ಜಿಎಲ್-4 ಕೇಳಿದ ಗೇರ್ ಬಾಕ್ಸಿಗೆ ಬರೀ ಜಿಎಲ್-5 ಹಾಕುವುದೆಂದರೆ ಉಂಗುರವನ್ನು ಕಾಯಬೇಕಾದ್ದರಿಂದಲೇ ಅದನ್ನು ಸವೆಸಿದ ಹಾಗೆ. ಕೆಲವು ಗೇರ್ ಬಾಕ್ಸ್‌ಗಳಿಗೆ ಈ ಎರಡೂ ಅಲ್ಲ, ಕಂಪನಿಯದೇ ಬೇರೆ ದ್ರವ ಬೇಕು. ಅಲ್ಲಿ ಚೌಕಾಸಿ ಕೂಡದು.

ಚಳಿಯ ಊರಿಗೆ ಬೇರೆ ಎಣ್ಣೆ ಬೇಕೆನ್ನುವುದು ಯಾರದೋ ಹುಚ್ಚಲ್ಲ. ಲಡಾಖ್‌ನಲ್ಲಿ ಡೀಸೆಲ್ ಕೂಡ ಚಳಿಗೆ ಮೇಣಗಟ್ಟಿ ಗಾಡಿಗಳು ನಿಲ್ಲುತ್ತಿದ್ದವು. 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಅಲ್ಲಿಗೆಂದೇ ಮೈನಸ್ 33 ಡಿಗ್ರಿಯವರೆಗೆ ಹರಿಯುವ ಚಳಿಗಾಲದ ಡೀಸೆಲ್ ತಂದಿತು. ಟ್ಯಾಂಕಿನ ಇಂಧನಕ್ಕೆ ಒಪ್ಪಿದ ಮಾತು ಗೇರ್ ಬಾಕ್ಸಿನ ಎಣ್ಣೆಗೂ ಒಪ್ಪುತ್ತದೆ.

ಕರ್ನಾಟಕದಲ್ಲಿ ಅಂಥ ಚಳಿ ಎಲ್ಲಿದೆ ಎಂದು ಕೇಳಬಹುದು. ಇಲ್ಲ. ಬೆಂಗಳೂರಿನ ಇದುವರೆಗಿನ ಅತಿ ಕಡಿಮೆ ತಾಪಮಾನ 1884ರ ಜನವರಿಯಲ್ಲಿ ದಾಖಲಾದ 7.8 ಡಿಗ್ರಿ. ಕೊಡಗು, ಚಿಕ್ಕಮಗಳೂರು, ಬೀದರ್‌ಗಳಲ್ಲೂ ಶೂನ್ಯದ ಸುದ್ದಿಯಿಲ್ಲ. ಆದ್ದರಿಂದಲೇ ನಮ್ಮಲ್ಲಿ ಈ ವಾದದ ಇನ್ನೊಂದು ಮಗ್ಗುಲು ಉಪಯೋಗಕ್ಕೆ ಬರುತ್ತದೆ. ಡಿಸೆಂಬರಿನ ಬೆಳಗ್ಗೆ ಮೊದಲ ಒಂದೆರಡು ಸಲ ಗೇರ್ ತುಸು ಭಾರವಾದರೆ ಅದು ಸಹಜ. ಹತ್ತು ಕಿಲೋಮೀಟರ್ ದಾಟಿದ ಮೇಲೂ ಬಿಗಿಯಾಗಿಯೇ ಇದ್ದರೆ ಚಳಿಯನ್ನು ದೂರುವಂತಿಲ್ಲ, ಬೇರೆ ಕಡೆ ಹುಡುಕಬೇಕು. ಎಂಜಿನ್ ಆರಿಸಿ ಗೇರ್ ಹಾಕಿ ನೋಡಿ. ಆರಿಸಿದಾಗ ಸಲೀಸು, ಓಡುವಾಗ ಬಿಗಿ ಎಂದಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ: ಕೇಬಲ್ ಎಳೆದುಕೊಂಡಿರಬಹುದು, ಹೈಡ್ರಾಲಿಕ್ ಕ್ಲಚ್ ಆಗಿದ್ದರೆ ದ್ರವ ಸೋರಿರಬಹುದು ಇಲ್ಲವೇ ಅದರಲ್ಲಿ ಗಾಳಿ ಸೇರಿರಬಹುದು. ಆರಿಸಿದಾಗಲೂ ಬಿಗಿಯಿದ್ದರೆ ಲಿವರಿನಿಂದ ಗೇರ್ ಬಾಕ್ಸಿಗೆ ಹೋಗುವ ಕೇಬಲ್, ಕೀಲುಗಳನ್ನು ನೋಡಬೇಕು. ಆ ಕೇಬಲ್ಲಿನ ಹೊದಿಕೆಯೊಳಗೆ ಹೊಕ್ಕ ನೀರು ನಮ್ಮಲ್ಲಿ ತುಕ್ಕು ಹಿಡಿಸುತ್ತದೆ, ಲೇಹ್‌ನಲ್ಲಿ ಮಂಜುಗಡ್ಡೆಯೇ ಆಗುತ್ತದೆ.

ಅನುಭವಿ ಮೆಕ್ಯಾನಿಕ್ ಇಲ್ಲೊಂದು ಒಳ್ಳೆಯ ಪ್ರಶ್ನೆ ಎತ್ತಬಹುದು: ಸವೆದ ಉಂಗುರವೂ ಮೊದಲು ಕಾಣಿಸಿಕೊಳ್ಳುವುದು ಚಳಿಯಲ್ಲೇ ಅಲ್ಲವೇ? ಹೌದು, ಬಿಸಿಯಾದಂತೆ ಬಿಗಿತ ಹೋಗಿಬಿಟ್ಟರೆ ಲೋಹ ಪೂರ್ತಿ ನಿರ್ದೋಷಿ ಎನ್ನಲಾಗದು. ಆದರೆ ಎಣ್ಣೆಯ ಮಂದ ಎಲ್ಲ ಗೇರುಗಳನ್ನೂ ಹೆಚ್ಚುಕಡಿಮೆ ಸಮನಾಗಿ ಕಾಡುತ್ತದೆ, ಸವೆದ ಉಂಗುರ ಒಂದೇ ಗೇರಿನಲ್ಲಿ, ಬಹಳ ಸಲ ಎರಡನೆಯದರಲ್ಲಿ, ಸಿಕ್ಕಿಬೀಳುತ್ತದೆ. ಬಿಸಿಯಾದ ಮೇಲೂ ಅದೊಂದೇ ಗೇರನ್ನು ಸ್ವಲ್ಪ ಬೇಗ ಹಾಕಿದರೆ ಕರಕರ ಎನ್ನುತ್ತದೆ. ಹಾಗಿದ್ದರೆ ಎಣ್ಣೆ ಬದಲಿಸಿದರೂ ಸಿಗುವುದು ಅರ್ಧ ಸಮಾಧಾನವೇ.

‘ಇದು ಜೀವನಪರ್ಯಂತದ ಎಣ್ಣೆ, ಬದಲಿಸುವ ಹಾಗೇ ಇಲ್ಲ’ ಎಂದು ಕೆಲವು ಕಾರುಗಳಿಗೆ ಹೇಳುತ್ತಾರೆ. ಯಾರ ಜೀವನ ಎಂದು ಕೇಳಲೇಬೇಕು. ಉಂಗುರದಿಂದ ಉದುರಿದ ಹಿತ್ತಾಳೆಯ ಪುಡಿ ಹೋಗುವುದಕ್ಕೆ ಬೇರೆ ದಾರಿಯಿಲ್ಲ, ಅದು ಆ ಎಣ್ಣೆಯಲ್ಲೇ ಉಳಿಯುತ್ತದೆ. ಗಾಡಿ ಲಕ್ಷ ಕಿಲೋಮೀಟರ್ ಹತ್ತಿರವಾಗಿದ್ದು, ಚಳಿಯಲ್ಲಿ ಬಿಗಿತವೂ ಇದ್ದರೆ ಬದಲಿಸುವುದೇ ಜಾಣತನ. ಬದಲಿಸುವಾಗ ಎಣ್ಣೆ ತುಂಬುವ ಪ್ಲಗ್ಗನ್ನು ಮೊದಲು ಬಿಚ್ಚಿ ನೋಡಲು ಹೇಳಿ, ಆಮೇಲೆ ಕೆಳಗಿನದು. ಕೆಳಗಿನಿಂದ ಎಲ್ಲ ಸುರಿದಾದ ಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಬಿಚ್ಚದಿದ್ದರೆ ಗಾಡಿ ಅಲ್ಲೇ ಕೂರುತ್ತದೆ. ಬಹಳಷ್ಟು ಗಾಡಿಗಳ ಕೆಳಗಿನ ಪ್ಲಗ್ಗಿನ ತುದಿಯಲ್ಲಿ ಸಣ್ಣ ಅಯಸ್ಕಾಂತವಿರುತ್ತದೆ, ಅದನ್ನು ಒರೆಸುವ ಮೊದಲು ಬೆಳಕಿಗೆ ಹಿಡಿಯಿರಿ. ಬೂದು ಬಣ್ಣದ ನುಣುಪಾದ ಕೆಸರು ಅಂಟಿದ್ದರೆ ಅದು ವರ್ಷಗಳ ಸಾಮಾನ್ಯ ಸವೆತ. ಸುರಿದ ಎಣ್ಣೆಯಲ್ಲಿ ಚಿನ್ನದ ಧೂಳಿನಂತೆ ಹೊಳೆಯುವುದು ಅಯಸ್ಕಾಂತಕ್ಕೆ ಅಂಟದ ಹಿತ್ತಾಳೆ, ಅದು ಹೆಚ್ಚಿದ್ದರೆ ಉಂಗುರ ಸವೆಯುತ್ತಿದೆ. ಉಗುರಿಗೆ ಸಿಗುವಷ್ಟು ದೊಡ್ಡ ಉಕ್ಕಿನ ಚೂರು ಕಂಡರೆ ಮಾತ್ರ ಗೇರ್ ಬಾಕ್ಸ್ ಬಿಚ್ಚುವ ಮಾತು ಆಡಬೇಕು.