ನಾಬೋತನ ತೋಟವೂ ಪಾವಗಡದ ಹೊಲವೂ

ಪಿತ್ರಾರ್ಜಿತ ದ್ರಾಕ್ಷಾತೋಟವನ್ನು ಅರಸನಿಗೂ ಕೊಡಲೊಪ್ಪದ ನಾಬೋತನ ಕಥೆ ನಮಗೆಲ್ಲ ಪರಿಚಿತವೇ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಕೈಗಾರಿಕೆಗೆಂದು ಜಮೀನು ಕೇಳಿ ಬಂದಾಗ ರೈತನ ಮುಂದೆಯೂ ಅಂಥದೇ ಪ್ರಶ್ನೆ ನಿಲ್ಲುತ್ತದೆ: ಕೊಡುವುದೇ? ಕೊಟ್ಟರೆ ಯಾವ ಕರಾರಿನ ಮೇಲೆ?

ಪಾವಗಡದ ತಿರುಮಣಿ, ವಳ್ಳೂರು ಮೊದಲಾದ ಗ್ರಾಮಗಳ ಸುಮಾರು 13,000 ಎಕರೆಯನ್ನು ಸೌರ ವಿದ್ಯುತ್ ಪಾರ್ಕಿಗಾಗಿ ಕ್ರಯಕ್ಕೆ ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಲಾಯಿತು. 2018ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಈ ಯೋಜನೆಯಲ್ಲಿ ಗುತ್ತಿಗೆ ಹಣವು ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಿಂದ ಆರಂಭವಾಯಿತು. ಮಳೆ ಕೈಕೊಡುವ ಸೀಮೆಯಲ್ಲಿ ವರಮಾನ ಬಂತು, ಪಹಣಿಯಲ್ಲಿ ಹೆಸರೂ ಉಳಿಯಿತು. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತರಿಗೆ ಅದರಲ್ಲಿ ಪಾಲಿಲ್ಲ.

1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ ದಾರಿ ಬೇರೆ. ಅದರಡಿ ಸ್ವಾಧೀನವಾದ ಭೂಮಿಯ ಒಡೆತನವೇ ಕೈತಪ್ಪುತ್ತದೆ. ಆದರೂ 28ನೆಯ ಪ್ರಕರಣದಂತೆ, ನೋಟಿಸು ತಲುಪಿದ ಬಳಿಕ ಆಕ್ಷೇಪಣೆಗೆ 30 ದಿನಗಳ ಅವಕಾಶವಿತ್ತು ಅಹವಾಲು ಕೇಳಲೇಬೇಕು. ಒಗ್ಗಟ್ಟಿನ ದನಿ ವ್ಯರ್ಥವಲ್ಲ: ದೇವನಹಳ್ಳಿ ತಾಲ್ಲೂಕಿನ 1,777 ಎಕರೆಯ ಸ್ವಾಧೀನವನ್ನು ಕೈಬಿಡುವುದಾಗಿ ಸರ್ಕಾರ 2025ರ ಜುಲೈಯಲ್ಲಿ ಪ್ರಕಟಿಸಿದ್ದು ರೈತರ ಮೂರು ವರ್ಷಗಳಿಗೂ ಮೀರಿದ ಹೋರಾಟದ ಬಳಿಕವೇ.

ಆದ್ದರಿಂದ ಕಾಗದಕ್ಕೆ ರುಜು ಹಾಕುವ ಮುನ್ನ ಅದು ಗುತ್ತಿಗೆಯೋ ಸ್ವಾಧೀನವೋ ಎಂದು ಓದಿಸಿ ತಿಳಿಯೋಣ. ಕೂಲಿಯವರ ಅನ್ನದ ಪ್ರಶ್ನೆಯನ್ನೂ ಮರೆಯದಿರೋಣ.