ಜೊಳ್ಳಿಲ್ಲದ ಇಡೀ ರಾತ್ರಿ

ಪಾಶ್ಚಾತ್ಯ ರಾಕ್ ಸಂಗೀತದ ರಸಿಕರಲ್ಲಿ ಎಂದೂ ಮುಗಿಯದ ವಾದವೊಂದಿದೆ. ಒಂದೇ ಹೆಸರಿನಲ್ಲಿ ಎರಡು ತಟ್ಟೆಗಳಾಗಿ, ಅಂದರೆ ನಾಲ್ಕು ಮಗ್ಗುಲುಗಳಾಗಿ, ಹೊರಬರುವ ‘ಡಬಲ್ ಆಲ್ಬಂ’ ಮೊದಲಿನಿಂದ ಕೊನೆಯವರೆಗೆ ನಿರ್ದೋಷವಾಗಿರಲು ಸಾಧ್ಯವೇ? ಅಷ್ಟು ಉದ್ದಕ್ಕೆ ಕೈಹಾಕಿದ ಮೇಲೆ ಬರಿಯ ಜಾಗ ತುಂಬುವುದಕ್ಕಾಗಿ ನಾಲ್ಕಾರು ಹಾಡುಗಳನ್ನು ಸೇರಿಸದೆ ಗತಿಯಿಲ್ಲವೇ? ನಮ್ಮ ಕಣದ ಮಾತಿನಲ್ಲಿ ಹೇಳುವುದಾದರೆ, ತೂರಿದಾಗ ಗಾಳಿಗೆ ಹಾರಿಹೋಗುವ ಜೊಳ್ಳು ಇಲ್ಲದೆ ದೊಡ್ಡ ರಾಶಿ ಆದೀತೇ?

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕೇಳುಗರಿಗೆ ಈ ವಾದ ದೂರದ್ದೆಂದು ತೋರಬಹುದು. ಆದರೆ ಇದೇ ಪ್ರಶ್ನೆ ನಮ್ಮ ಬಯಲುಗಳಲ್ಲಿ ನಡೆಯುವ ಇಡೀ ರಾತ್ರಿಯ ಯಕ್ಷಗಾನದ ಮುಂದೆಯೂ ನಿಂತಿದೆ. ಅಲ್ಲಿ ಅದು ಬಿಡುವಿನ ಹೊತ್ತಿನ ಚರ್ಚೆಯಾಗಿ ಉಳಿದಿಲ್ಲ; ಯಾವುದನ್ನು ಉಳಿಸಬೇಕು, ಯಾವುದನ್ನು ಕತ್ತರಿಸಬೇಕು ಎಂಬ ತೀರ್ಮಾನವಾಗಿ, ಆಟ ಆಡಿಸುವವರ ಹೆಗಲ ಮೇಲೆ ಕುಳಿತಿದೆ. ಆದುದರಿಂದ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಅನುಚಿತವಾಗಲಾರದು.

ಮೊದಲು ಪಾತ್ರೆಯ ವಿಚಾರ. 1948ರಲ್ಲಿ ಬಳಕೆಗೆ ಬಂದ ದೀರ್ಘಾವಧಿಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ಇಪ್ಪತ್ತು, ಇಪ್ಪತ್ತೆರಡು ನಿಮಿಷಗಳ ಸಂಗೀತ ಹಿಡಿಯುತ್ತದೆ. ಎರಡು ಮಗ್ಗುಲು ಸೇರಿದರೆ ನಲವತ್ತು ನಿಮಿಷಕ್ಕೆ ಸ್ವಲ್ಪ ಮೇಲೆ. ಸಾಹಿತಿಗೆ ಹಾಳೆ ಮುಗಿದರೆ ಇನ್ನೊಂದು ಹಾಳೆ ತೆಗೆದುಕೊಳ್ಳಬಹುದು. ಹಾಡುಗಾರನಿಗೆ ನಲವತ್ತೈದು ನಿಮಿಷದ ಸರಕು ಐವತ್ತೈದಾದರೆ, ಒಂದೋ ಹತ್ತು ನಿಮಿಷ ಕಡಿಯಬೇಕು, ಇಲ್ಲವೇ ಇನ್ನೊಂದು ಇಡೀ ತಟ್ಟೆಯನ್ನು ತುಂಬಬೇಕು. ಲೆಡ್ ಝೆಪೆಲಿನ್ ತಂಡದ 1975ರ ‘ಫಿಸಿಕಲ್ ಗ್ರಾಫಿಟಿ’ ಹುಟ್ಟಿದ್ದು ಹೀಗೆಯೇ. ಹೊಸದಾಗಿ ಮುದ್ರಿಸಿದ ಎಂಟು ಹಾಡುಗಳು ಒಂದು ತಟ್ಟೆಗೆ ಹೆಚ್ಚಾದವು, ಎರಡಕ್ಕೆ ಕಡಿಮೆಯಾದವು. ಹಿಂದಿನ ವರ್ಷಗಳಲ್ಲಿ ಮುದ್ರಿಸಿ ಹೊರಗೆ ಬಿಡದೆ ಇಟ್ಟಿದ್ದವುಗಳನ್ನು ತೆಗೆದು ಹದಿನೈದು ಮಾಡಿದರು. ಬೀಟಲ್ಸ್ ತಂಡ 1968ರಲ್ಲಿ ಹೊರತಂದ, ಬಿಳಿಯ ಹೊದಿಕೆಯಿಂದಾಗಿ ‘ವೈಟ್ ಆಲ್ಬಂ’ ಎಂದೇ ಹೆಸರಾದ ಮೂವತ್ತು ಹಾಡುಗಳ ಸಂಗ್ರಹದ ಬಗ್ಗೆಯೂ, ಅದನ್ನು ಒಂದೇ ತಟ್ಟೆಗೆ ಇಳಿಸಿದ್ದರೆ ಚೆನ್ನಾಗಿರುತ್ತಿತ್ತೆಂದು ಅವರ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅಭಿಪ್ರಾಯಪಟ್ಟಿದ್ದರು. ಆ ಮಾತನ್ನು ಹಿಡಿದುಕೊಂಡು, ಮೂವತ್ತರಲ್ಲಿ ಯಾವ ಹದಿನಾಲ್ಕನ್ನು ಉಳಿಸಬೇಕು ಎಂದು ಪಟ್ಟಿ ಮಾಡುವುದು ಅಲ್ಲಿನ ರಸಿಕರಿಗೆ ಒಂದು ಹವ್ಯಾಸವೇ ಆಗಿಬಿಟ್ಟಿದೆ. ಸ್ವಾರಸ್ಯವೆಂದರೆ, ಇಬ್ಬರ ಪಟ್ಟಿಗಳು ಒಂದೇ ಆಗಿರುವುದು ಅಪರೂಪ.

ನಮ್ಮ ಆಟದ ಪಾತ್ರೆ ಕತ್ತಲೆ. ಆಗುಂಬೆಯ ಘಾಟಿಯನ್ನೋ ಹುಲಿಕಲ್ಲಿನ ಘಾಟಿಯನ್ನೋ ಏರಿ ಕುಂದಾಪುರದ ಕಡೆಯ ಮೇಳಗಳು ತೀರ್ಥಹಳ್ಳಿ, ಹೊಸನಗರಗಳಿಗೆ ಬರುತ್ತಿದ್ದವು. ಸಾಗರದ ಕಡೆಗೆ ಹೊನ್ನಾವರದ ಕಲಾವಿದರ ಬಳಕೆ ಹೆಚ್ಚು. ಮಂದಾರ್ತಿಯ ಮೇಳಗಳು ಘಟ್ಟದ ಮೇಲೆ ಹರಕೆಯ ಆಟ ಆಡುವುದು ಇಲ್ಲಿನವರಿಗೆ ಹೊಸತಲ್ಲ. ಅಡಿಕೆ ಕೊಯ್ಲು ಮುಗಿದ ಮನೆಯ ಅಂಗಳದಲ್ಲೋ ಗದ್ದೆಯ ಬಯಲಿನಲ್ಲೋ ರಂಗಸ್ಥಳ ಏಳುತ್ತಿತ್ತು. ನೋಡಲು ಬರುವವರು ಸೂಡಿ ಹಿಡಿದು, ಕಾಡುದಾರಿಯಲ್ಲಿ ಹರದಾರಿಗಟ್ಟಲೆ ನಡೆದು ಬರುವವರು. ಹತ್ತು ಗಂಟೆಗೆ ಆಟ ಮುಗಿಸಿ ‘ಇನ್ನು ಮನೆಗೆ ಹೋಗಿ’ ಎಂದರೆ ಅವರು ಹೋಗುವುದೆಲ್ಲಿಗೆ? ಬೆಳಕು ಹರಿಯುವವರೆಗೆ ಅವರನ್ನು ಕೂರಿಸಿಕೊಳ್ಳಲೇಬೇಕಾಗಿತ್ತು. ಯಕ್ಷಗಾನದ ಉದ್ದಕ್ಕೆ ಶಾಸ್ತ್ರದ ಕಾರಣಗಳನ್ನು ಹೇಳುವವರಿದ್ದಾರೆ. ನನಗಂತೂ ಈ ಲೌಕಿಕ ಕಾರಣವೇ ಬಲವಾಗಿ ತೋರುತ್ತದೆ. ತಟ್ಟೆಗೆ ಇಪ್ಪತ್ತೆರಡು ನಿಮಿಷದ ಅಳತೆ ಹೇಗೋ ಹಾಗೆ ಆಟಕ್ಕೆ ಮುಸ್ಸಂಜೆಯಿಂದ ಮುಂಜಾವಿನವರೆಗಿನ ಅಳತೆ. ಎರಡನ್ನೂ ಕಲೆಯ ಅಗತ್ಯ ನಿರ್ಧರಿಸಿದ್ದಲ್ಲ.

ಹೊರಗಿನಿಂದ ಬಂದ ಅಳತೆಯನ್ನು ತುಂಬುವುದೆಂದರೆ ಏನು? ನಮ್ಮ ಹಳೆಯ ಛಂದಶ್ಶಾಸ್ತ್ರಕ್ಕೆ ಈ ಸಂಕಟ ಚೆನ್ನಾಗಿ ಗೊತ್ತಿತ್ತು. ಅರ್ಥ ಮುಗಿದರೂ ಗಣ ತುಂಬದಿದ್ದಾಗ ಕವಿ ಅರ್ಥವಿಲ್ಲದ ಒಂದೆರಡು ಅಕ್ಷರಗಳನ್ನು ತುರುಕುತ್ತಾನೆ. ಅದಕ್ಕೆ ‘ಪಾದಪೂರಣ’ ಎಂದು ಹೆಸರು. ಆಲಂಕಾರಿಕರು ಅದನ್ನು ದೋಷಗಳ ಸಾಲಿಗೆ ಸೇರಿಸಿದರು. ಆದರೆ ಪದ್ಯ ಓದಿದ ಯಾರಿಗಾದರೂ ತಿಳಿದಿರುವಂತೆ, ಅರ್ಥಕ್ಕೆ ಬೇಡವಾದ ಅಕ್ಷರವೊಂದು ಉಸಿರಿಗೆ ಬೇಕಾಗಿರುವ ಸಂದರ್ಭವೂ ಇರುತ್ತದೆ. ಅದನ್ನು ಕಿತ್ತರೆ ಅರ್ಥ ಕೆಡುವುದಿಲ್ಲ, ಮುಂದಿನ ಸಾಲಿನ ಏರು ಕೆಡುತ್ತದೆ. ನನ್ನ ವಿಚಾರದ ತಿರುಳು ಇಷ್ಟೇ. ದೀರ್ಘವಾದ ಕೃತಿಯಲ್ಲಿ ಸಪ್ಪೆಯಾಗಿ ಕಾಣುವುದೆಲ್ಲ ಜೊಳ್ಳಲ್ಲ. ಪಾತ್ರೆ ತುಂಬಲಿಲ್ಲವೆಂದು ಹಾಕಿದ್ದು ಜೊಳ್ಳು. ಮುಂದೆ ಬರುವುದನ್ನು ಕಿವಿ ಹಿಡಿಯಲೆಂದು ಬಿಟ್ಟ ತೆರಪು ಬೇರೆ. ಇವೆರಡನ್ನು ಬಿಡಿಬಿಡಿಯಾಗಿ ತೂಗಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದನ್ನು ತೆಗೆದು, ಅದರ ಪಕ್ಕದ್ದು ಏನಾಯಿತೆಂದು ನೋಡಬೇಕು.

ರಾತ್ರಿಯ ಆಟದ ಜೋಡಣೆಯನ್ನೇ ಗಮನಿಸಿ. ಚೌಕಿಯಲ್ಲಿ ಗಣಪತಿಯ ಪೂಜೆ. ಬಳಿಕ ರಂಗದಲ್ಲಿ ಕೋಡಂಗಿಗಳು, ಬಾಲಗೋಪಾಲರು, ಸ್ತ್ರೀವೇಷದ ಕುಣಿತ. ಆಮೇಲೆ ಒಡ್ಡೋಲಗ, ಪ್ರಸಂಗದ ಆರಂಭ. ನಡುರಾತ್ರಿಗೆ ಹಾಸ್ಯಗಾರನ ಪ್ರವೇಶ. ಚಳಿ ಏರುವ ಹೊತ್ತಿಗೆ ಕಂಬಳಿ ಹೊದ್ದವರಲ್ಲಿ ಅರ್ಧದಷ್ಟು ಮಂದಿ ಚಾಪೆಯ ಮೇಲೆ ಉರುಳಿರುತ್ತಾರೆ. ಬಣ್ಣದ ವೇಷದ ಅಬ್ಬರಕ್ಕೆ ಚೆಂಡೆ ಮೊರೆದಾಗ ಮಕ್ಕಳಾದಿಯಾಗಿ ಎಲ್ಲರೂ ಎದ್ದು ಕೂರುತ್ತಾರೆ. ಮಲಗುವುದಕ್ಕೂ ಅವಕಾಶವಿರುವ ಕಲೆ ಇದು. ಪ್ರೇಕ್ಷಕ ಪ್ರತಿ ಕ್ಷಣವೂ ಕಣ್ಣರಳಿಸಿ ಕೂತಿರಬೇಕೆಂದು ಇದು ಕೇಳುವುದಿಲ್ಲ. ಪೂರ್ವರಂಗದ ಕುಣಿತಗಳಿಗೆ ಕಥೆಯಲ್ಲಿ ಏನೂ ಕೆಲಸವಿಲ್ಲ ಎಂಬುದು ನಿಜ. ಎಳೆಯ ಕಲಾವಿದರು ಹೆಜ್ಜೆ ಗಟ್ಟಿಮಾಡಿಕೊಳ್ಳುವುದು ಅಲ್ಲಿ. ದೂರದವರು ಬಂದು ಸೇರುವುದು ಆ ಹೊತ್ತಿನಲ್ಲಿ. ಭಾಗವತರ ಕಂಠ, ಮದ್ದಳೆಯ ಶ್ರುತಿ ಹದಕ್ಕೆ ಬರುವುದೂ ಆಗಲೇ.

‘ಗದಾಯುದ್ಧ’ದ ಪ್ರಸಂಗವನ್ನು ತೆಗೆದುಕೊಳ್ಳಿ. ಅದರ ಕೊನೆಯಲ್ಲಿ ಭೀಮನ ಮೂದಲಿಕೆ, ಕೌರವ ಸರೋವರದಿಂದ ಏಳುವುದು, ಏರುಪದಗಳ ಸರಮಾಲೆ, ತೊಡೆ ಮುರಿಯುವುದು, ಎಲ್ಲವೂ ಇವೆ. ಜನ ಕಾಯುವುದು ಇದಕ್ಕೆ. ಆದರೆ ಅದಕ್ಕೆ ಮೊದಲು, ಎಲ್ಲರನ್ನೂ ಕಳೆದುಕೊಂಡ ಅರಸ ಒಬ್ಬನೇ ರಣಭೂಮಿಯಲ್ಲಿ ಅಲೆಯುತ್ತಾನೆ. ಕಥೆ ಅಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಪದಗಳು ನಿಧಾನ, ಕುಣಿತ ಕಡಿಮೆ. ಆಮೇಲೆ ಅರಸನ ಅಡಗುದಾಣವನ್ನು ಪತ್ತೆಹಚ್ಚಿ ಭೀಮನಿಗೆ ಸುದ್ದಿ ಮುಟ್ಟಿಸುವ ಬೇಡರ ಸನ್ನಿವೇಶ. ಅಲ್ಲಿ ಹಗುರವಾದ ಮಾತಿಗೆ ಎಡೆ. ಗಡಿಯಾರ ನೋಡಿಕೊಂಡು ಕತ್ತರಿಸುವವನ ಕೈ ಮೊದಲು ಹೋಗುವುದು ಇವೆರಡರ ಮೇಲೆ. ಕತ್ತರಿಸಿ ನೋಡಿ: ಸರೋವರದಿಂದ ಎದ್ದುಬರುವವನು ಬರಿಯ ಒಬ್ಬ ಜಟ್ಟಿಯಾಗುತ್ತಾನೆ. ಅವನ ಒಂಟಿತನವನ್ನು ನಾವು ಹೊತ್ತು ಕಳೆದು ಅನುಭವಿಸಿಲ್ಲವಾದ್ದರಿಂದ, ತೊಡೆ ಮುರಿದಾಗ ಮುರಿಯುವುದು ತೊಡೆ ಮಾತ್ರ.

ಹಾಗೆಂದು ರಾತ್ರಿಯ ಆಟದಲ್ಲಿ ಜೊಳ್ಳೇ ಇರಲಿಲ್ಲವೆಂದು ವಾದಿಸುವವರ ಗುಂಪಿಗೆ ನಾನು ಸೇರಲಾರೆ. ಧಾರಾಳವಾಗಿ ಇತ್ತು. ಒಬ್ಬರಾದ ಮೇಲೆ ಒಬ್ಬರು ಬಂದು ಅದೇ ಪ್ರಯಾಣ ಕುಣಿತವನ್ನು ಅದೇ ಸುತ್ತುಗಳಲ್ಲಿ ಕುಣಿಯುವುದು. ಭಾಗವತರು ಪದದಲ್ಲಿ ಹೇಳಿ ಮುಗಿಸಿದ್ದನ್ನು ವೇಷಧಾರಿ ಮಾತಿನಲ್ಲಿ ಮೂರು ಸಲ ಹೇಳುವುದು. ಬೆಳಗಾಗಲು ಇನ್ನೂ ಎರಡು ತಾಸು ಇದೆಯೆಂದು, ಮುಗಿದ ಪ್ರಸಂಗದ ಬಾಲಕ್ಕೆ ಸಂಬಂಧವಿಲ್ಲದ ಇನ್ನೊಂದನ್ನು ಗಂಟುಹಾಕುವುದು. ಎರಡನೆಯ ತಟ್ಟೆಗೆಂದು ಹಳೆಯ ಹಾಡುಗಳನ್ನು ಹುಡುಕುವುದೂ ಇದೂ ಒಂದೇ ಜಾತಿ. ಒಂದು ವ್ಯತ್ಯಾಸವುಂಟು. ತಟ್ಟೆಯಲ್ಲಿ ಒಮ್ಮೆ ಮುದ್ರಿತವಾದ ಜೊಳ್ಳು ಶಾಶ್ವತ. ಆಟದಲ್ಲಿ ಇಂದು ಸಪ್ಪೆಯಾದ ಭಾಗವೇ ನಾಳೆ ಇನ್ನೊಬ್ಬ ಕಲಾವಿದನ ಕೈಯಲ್ಲಿ ಕಾಳುಕಟ್ಟಬಹುದು.

ಈಗ ಪಾತ್ರೆಯೇ ಬದಲಾಗಿದೆ. ಕಾಡುದಾರಿಯ ಜಾಗದಲ್ಲಿ ಡಾಂಬರು ಬಂದಿದೆ, ಮನೆಮನೆಯಲ್ಲಿ ಬೈಕಿದೆ. 2000ದಲ್ಲಿ ಜಾರಿಗೆ ಬಂದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸುತ್ತವೆ. ಕರಾವಳಿಯಲ್ಲಿ ಕಟೀಲಿನಂಥ ಹೆಸರಾಂತ ಕ್ಷೇತ್ರದ ಮೇಳಗಳೂ 2022ರಲ್ಲಿ ಕೆಲಕಾಲ ‘ಕಾಲಮಿತಿ’ಗೆ ಹೊರಳಬೇಕಾಯಿತು. ಮರುದಿನ ಕಚೇರಿಗೆ ಹೋಗಬೇಕಾದ ಪ್ರೇಕ್ಷಕನಿಗಂತೂ ಇದು ನೆಮ್ಮದಿಯೇ. ಮೂರು ತಾಸಿನ ಆಟಗಳಲ್ಲಿ ಅಚ್ಚುಕಟ್ಟಾದವು ಇಲ್ಲದಿಲ್ಲ. ಆದರೆ ಬಹಳಷ್ಟು ಕಡೆ ನಡೆಯುವುದೇನೆಂದರೆ, ಜನ ಚಪ್ಪಾಳೆ ತಟ್ಟುವ ಭಾಗಗಳನ್ನು ಮಾತ್ರ ಆರಿಸಿ, ಮೊದಲಿನಿಂದ ಕೊನೆಯವರೆಗೆ ಏರುಪದವನ್ನೇ ಹರಿಸುವುದು. ಅಡಿಕೆಯ ವ್ಯಾಪಾರದಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿ, ಮೇಲಿನದಕ್ಕೆ ಹೆಚ್ಚಿನ ಧಾರಣೆ ಕಟ್ಟುವುದು ಸರಿ; ಅದೇ ಲೆಕ್ಕವನ್ನು ಪದ್ಯಗಳಿಗೆ ಹಚ್ಚಿದರೆ, ಎಲ್ಲವೂ ಶಿಖರವಾಗಿ ಕೊನೆಗೆ ಬಯಲೇ ಉಳಿಯುತ್ತದೆ.

ತೀರ್ಥಹಳ್ಳಿಯ ನೆಲದಲ್ಲೇ ಇದಕ್ಕೆ ಇನ್ನೊಂದು ನಿದರ್ಶನವಿದೆ, ಸಾಹಿತ್ಯದ್ದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಪ್ರಕಟವಾದಾಗ, ಅದರ ಗಾತ್ರವನ್ನೇ ಕಂಡು ಹಿಂಜರಿದವರಿದ್ದರು. ಯಾರನ್ನೂ ಯಾವುದನ್ನೂ ಕಿರಿದೆಂದು ಎಣಿಸಲಾಗದು ಎಂಬರ್ಥದ ಮಾತನ್ನು ಕವಿ ಕೃತಿಯ ಆರಂಭದಲ್ಲೇ ಇರಿಸಿದ್ದಾರೆ. ಜೊಳ್ಳಿನ ಪ್ರಶ್ನೆಗೆ ಅದೊಂದು ಮುಂಗಡ ಉತ್ತರದಂತಿದೆ. ಗುತ್ತಿಯ ನಾಯಿ ಹುಲಿಯನನ್ನೇ ನೋಡಿ. ಕಥೆಯ ಹಂದರಕ್ಕೆ ಆ ನಾಯಿ ಅನಿವಾರ್ಯವಲ್ಲ ಎಂದು ಯಾವ ಸಂಪಾದಕನೂ ಹೇಳಿಯಾನು. ಆದರೆ ಅದರ ಹಿಂದೆ ಅಷ್ಟು ಪುಟ ನಡೆದವನಿಗೆ ಮಾತ್ರ, ಕೊನೆಯಲ್ಲಿ ತುಂಬಿ ಹರಿಯುವ ಹೊಳೆ ಅದನ್ನು ಸೆಳೆದೊಯ್ಯುವಾಗ ಎದೆ ನಡುಗುತ್ತದೆ. ಈ ಕಾದಂಬರಿಯನ್ನು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರು ರಂಗಕ್ಕೆ ತಂದರು, ರೂಪಾಂತರ ಕೆ.ವೈ. ನಾರಾಯಣಸ್ವಾಮಿಯವರದು, ಸಂಗೀತ ಹಂಸಲೇಖ ಅವರದು. ಸುಮಾರು ಒಂಬತ್ತು ಗಂಟೆಗಳ ಕಾಲ, ಇಡೀ ರಾತ್ರಿ ನಡೆಯುವ ನಾಟಕ. ಪ್ರೇಕ್ಷಕರು ಒಂದು ರಂಗದಿಂದ ಎದ್ದು, ಮೈಮುರಿದು, ಇನ್ನೊಂದು ರಂಗದ ಮುಂದೆ ಹೋಗಿ ಕೂರಬೇಕಾಗಿತ್ತು. ತಟ್ಟೆಯ ಮಗ್ಗುಲು ಬದಲಿಸಲು ಕೇಳುಗ ಏಳುತ್ತಾನಲ್ಲ, ಹಾಗೆ. ಆ ಎದ್ದು ನಡೆಯುವ ನಿಮಿಷಗಳೂ ನಾಟಕದ ಲೆಕ್ಕಕ್ಕೆ ಸೇರಿದವು ಎಂದೇ ನನ್ನ ಎಣಿಕೆ.

ಇನ್ನು ಮೊದಲ ಪ್ರಶ್ನೆ. ಜೊಳ್ಳಿಲ್ಲದಿರುವುದು ಬೇರೆ, ನಿರ್ದೋಷವಾಗಿರುವುದು ಬೇರೆ. ರಾಕ್ ರಸಿಕರ ವಾದ ಮುಗಿಯದಿರಲು ಇವೆರಡನ್ನೂ ಒಂದೇ ಎಂದು ಹಿಡಿದಿರುವುದೇ ಕಾರಣವಿರಬೇಕು. ದಿ ಕ್ಲಾಶ್ ತಂಡ 1979ರಲ್ಲಿ ಹೊರತಂದ ‘ಲಂಡನ್ ಕಾಲಿಂಗ್’ ಹತ್ತೊಂಬತ್ತು ಹಾಡುಗಳದ್ದು, ಸುಮಾರು ಅರವತ್ತೈದು ನಿಮಿಷ. ಎರಡು ತಟ್ಟೆಗಳನ್ನು ಕಂಠಮಟ್ಟ ತುಂಬಬೇಕೆಂಬ ಹಠ ಅದರಲ್ಲಿಲ್ಲ. ಒಂದು ತಟ್ಟೆಯ ಬೆಲೆಗೇ ಅದನ್ನು ಮಾರಿದರು. ಜೊಳ್ಳಿಲ್ಲದ ಜೋಡಿ ತಟ್ಟೆ ಎಂದರೆ ನಾನು ಮೊದಲು ಹೆಸರಿಸುವುದು ಅದನ್ನು. ಬಾಬ್ ಡಿಲನ್ 1966ರ ‘ಬ್ಲಾಂಡ್ ಆನ್ ಬ್ಲಾಂಡ್’ನ ನಾಲ್ಕನೆಯ ಮಗ್ಗುಲಿಗೆ ಹನ್ನೊಂದು ನಿಮಿಷದ ಒಂದೇ ಹಾಡನ್ನು ಇಟ್ಟು ಉಳಿದ ಜಾಗವನ್ನು ಖಾಲಿ ಬಿಟ್ಟರು, ತುಂಬದೆ ಬಿಡುವುದಕ್ಕೂ ಧೈರ್ಯ ಬೇಕು. ಬೀಟಲ್ಸರ ಬಿಳಿಯ ಸಂಗ್ರಹವಂತೂ ಖಂಡಿತ ನಿರ್ದೋಷವಲ್ಲ. ಕೊನೆಯ ಮಗ್ಗುಲಿನಲ್ಲಿ ಎಂಟು ನಿಮಿಷ ಮೀರಿದ ಸದ್ದುಗಳ ಗೋಜಲೊಂದಿದೆ. ಅದನ್ನು ಪ್ರೀತಿಯಿಂದ ಕೇಳುವವರು ಕಡಿಮೆ. ಆದರೆ ಅದರ ಬೆನ್ನಿಗೇ ಮಗುವಿಗೆ ಹಾಡುವಂಥ ಜೋಗುಳವೊಂದು ಬಂದು ಸಂಗ್ರಹ ಮುಗಿಯುತ್ತದೆ. ಗೋಜಲನ್ನು ತೆಗೆದು ಜೋಗುಳವನ್ನು ಮಾತ್ರ ಕೇಳಿ ನೋಡಿ, ಅದು ಸಾಧಾರಣವಾದ ಒಂದು ಜೋಗುಳ.

ಈ ಮೂರು ತಾಲ್ಲೂಕುಗಳಲ್ಲಿ ಕಾಲಮಿತಿಯ ಆಟ ಆಡಿಸುವವರು ಪ್ರಸಂಗ ಆರಿಸುವಾಗ ಒಂದು ಕೆಲಸ ಮಾಡಬಹುದು. ಮೂರು ತಾಸಿಗೆ ಮೂರು ಪ್ರಸಂಗಗಳ ತುಣುಕುಗಳನ್ನು ಪೋಣಿಸುವ ಬದಲು ಒಂದನ್ನೇ ಇಟ್ಟುಕೊಂಡು, ಕೌರವನ ಅಲೆದಾಟಕ್ಕೆ ಅದರ ಪೂರ್ತಿ ಹೊತ್ತನ್ನು ಕೊಡುವುದು. ಪ್ರಯಾಣ ಕುಣಿತದ ಎರಡು ಸುತ್ತು ಕಡಿಮೆಯಾದರೆ ಯಾರೂ ಕೇಳಲಾರರು. ಮಳೆಗಾಲದಲ್ಲಿ ವೇಷ, ಕುಣಿತ ಯಾವುದೂ ಇಲ್ಲದೆ, ಪದ ಮತ್ತು ಅರ್ಥಗಾರಿಕೆಯ ಮೇಲೆಯೇ ನಡೆಯುವ ಇಲ್ಲಿನ ತಾಳಮದ್ದಳೆಗಳಲ್ಲಿ, ಒಂದೇ ಸಂವಾದಕ್ಕೆ ತಾಸುಗಟ್ಟಲೆ ಕೊಡುವ ರೂಢಿ ಈಗಾಗಲೇ ಇದೆ.