ಸಿಂಹಗಡದ ಏರಿನಲ್ಲಿ ಹೃದಯದ ಲೆಕ್ಕ
ವಾರವಿಡೀ ಹಿಂಜವಡಿಯ ಕಚೇರಿಯಲ್ಲಿ ಕೂತು ಭಾನುವಾರ ಸಿಂಹಗಡ ಹತ್ತುವ ಕನ್ನಡಿಗರು ಪುಣೆಯಲ್ಲಿ ಬಹಳ. ಏರು ಶುರುವಾದೊಡನೆ ವೇಗಸ್ ನರ ಹಿಡಿತ ಸಡಿಲಿಸುತ್ತದೆ, ಎದೆಬಡಿತ ಏರುತ್ತದೆ.

ದುಡಿಯುವ ಕಾಲಿನ ಸ್ನಾಯು ಅದೇ ರಕ್ತದಿಂದ ಹೆಚ್ಚು ಆಮ್ಲಜನಕ ಹೀರಬಲ್ಲದು. ಹೃದಯಕ್ಕೆ ಆ ಅನುಕೂಲ ಕಡಿಮೆ. ವಿಶ್ರಾಂತಿಯಲ್ಲೇ ಅದು ಶೇ 70ರಷ್ಟು ಹೀರಿರುತ್ತದೆ. ಆದ್ದರಿಂದ ರಕ್ತವೇ ಹೆಚ್ಚು ಹರಿಯಬೇಕು. ಸಿಂಪಥೆಟಿಕ್ ನರಗಳು ಬಡಿತದ ಬಿರುಸು ಹೆಚ್ಚಿಸುತ್ತಲೇ ಹೃದಯದ ಕಿರುನಾಳಗಳು ಹಿಗ್ಗಲೂ ನೆರವಾಗುತ್ತವೆ. ದುಡಿಯುವ ಹೃದಯಸ್ನಾಯುವೂ ಅವನ್ನು ಹಿಗ್ಗಿಸುತ್ತದೆ. ಹರಿವು ಮೂರರಿಂದ ಐದು ಪಟ್ಟಾಗಬಹುದು.

ಕೊಬ್ಬು ಕಟ್ಟಿದ ನಾಳದಲ್ಲಿ ಇದು ಸಾಗದು. ಹತ್ತುವಾಗ ಎದೆ ಹಿಂಡಿ, ನಿಂತಾಗ ತಗ್ಗುವ ನೋವನ್ನು ‘ಗ್ಯಾಸ್’ ಎನ್ನಬೇಡಿ. ಮಲಗಿಸಿ ತೆಗೆದ ಇಸಿಜಿ ಸರಿಯಿದ್ದರೂ ವೈದ್ಯರಿಗೆ ಹೇಳಿ. ಬೆಟ್ಟ ಮುಂದಿನ ಭಾನುವಾರವೂ ಅಲ್ಲೇ ಇರುತ್ತದೆ.